ಉಪಗ್ರಹದ ಗತಿಯೂ ವಿದ್ಯುತ್ತಿನ ಮಂಡಲವೂ

(ಲಕ್ಕಲಕಟ್ಟಿಯಲ್ಲಿ ಮಹೋತ್ಸವದ ನಿಮಿತ್ತವಾಗಿ ಮಾಡಿದ ಉಪನ್ಯಾಸ)

 

ಈ ಮಂಗಲ ಸಮಾರಂಭದಲ್ಲಿ ಪದಾರ್ಥವಿಜ್ಞಾನದ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಮ್ಮ ನಾಡಿನ ಮಠಗಳು ದಾಸೋಹವನ್ನು ಅನ್ನಕ್ಕಷ್ಟೇ ನಿಲ್ಲಿಸದೆ ಅಕ್ಷರಕ್ಕೂ ವಿಸ್ತರಿಸಿದವು. ಆದಕಾರಣ ಶಾಸ್ತ್ರವಿಚಾರವು ಈ ಸ್ಥಳಕ್ಕೆ ಪರಕೀಯವಾದದ್ದಲ್ಲವೆಂದು ಧೈರ್ಯಮಾಡಿ ನಿಂತಿದ್ದೇನೆ.

ನಾನು ಆರಿಸಿಕೊಂಡಿರುವ ಪ್ರಶ್ನೆಗಳು ಎರಡು. ಆಕಾಶದಲ್ಲಿ ಸುತ್ತುವ ಉಪಗ್ರಹವು ಕೆಳಗೆ ಬೀಳುವದಿಲ್ಲವೇಕೆ ಎಂಬುದು ಮೊದಲನೆಯದು. ಗುಂಡಿಯನ್ನೊತ್ತಿದೊಡನೆ ಮನೆಯ ದೀಪವು ಉರಿಯುವದು ಹೇಗೆ ಎಂಬುದು ಎರಡನೆಯದು. ಒಂದು ಬಲು ದೂರದ ಸಂಗತಿ, ಇನ್ನೊಂದು ಕೈಗೆಟಕುವ ಸಂಗತಿ. ಆದರೆ ಎರಡೂ ಸುತ್ತಿನ ಕಥೆಗಳೇ ಆಗಿವೆ. ಒಂದರಲ್ಲಿ ಕಾಯವು ಭೂಮಿಯನ್ನು ಸುತ್ತುವದು. ಇನ್ನೊಂದರಲ್ಲಿ ವಿದ್ಯುತ್ತು ತಂತಿಯಲ್ಲಿ ಸುತ್ತಿ ಹೊರಟಲ್ಲಿಗೆ ಮರಳುವದು. ಮೊದಲನೆಯ ಸುತ್ತಿಗೆ ವೆಚ್ಚವಿಲ್ಲ. ಎರಡನೆಯ ಸುತ್ತಿಗೆ ಕ್ಷಣಕ್ಷಣವೂ ವೆಚ್ಚವುಂಟು. ಈ ಭೇದಕ್ಕೆ ಕಾರಣವೇನೆಂಬುದನ್ನು ತಿಳಿಯುವದೇ ಇಂದಿನ ಉಪನ್ಯಾಸದ ಉದ್ದೇಶವು. ಇದನ್ನು ತಿಳಿಯದಿದ್ದರೆ ಮೊದಲನೆಯ ವಿಷಯದಲ್ಲಿ ಪರೀಕ್ಷೆಯ ಅಂಕಗಳು ಹೋದಾವು. ಎರಡನೆಯ ವಿಷಯದಲ್ಲಿ ಪ್ರಾಣವೇ ಹೋಗಬಹುದು.

ಮೊದಲು ಬೀಳುವದೆಂದರೇನೆಂಬುದನ್ನು ವಿಚಾರಿಸೋಣ. ಕೈಯಿಂದ ಬಿಟ್ಟ ಕಲ್ಲು ನೆಲಕ್ಕೆ ಬೀಳುವದು. ಭೂಮಿಗೆ ಆಕರ್ಷಣ ಶಕ್ತಿಯಿರುವದೆಂದು ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ್ದಾರೆ. ಆ ಶಕ್ತಿಯು ದೂರಕ್ಕನುಸಾರವಾಗಿ ಎಷ್ಟೆಷ್ಟು ಕಡಿಮೆಯಾಗುವದೆಂಬ ಗಣಿತದ ನಿಯಮವನ್ನು ಐಸಾಕ್ ನ್ಯೂಟನ್ನರು 1687ರಲ್ಲಿ ಪ್ರಕಟಿಸಿದರು. ಭೂಮಿಯ ಮಧ್ಯಬಿಂದುವಿನಿಂದ ಎರಡು ಪಟ್ಟು ದೂರ ಹೋದರೆ ಸೆಳೆತವು ನಾಲ್ಕರಲ್ಲೊಂದು ಪಾಲು ಉಳಿಯುವದು. ಮೂರು ಪಟ್ಟು ಹೋದರೆ ಒಂಬತ್ತರಲ್ಲೊಂದು ಪಾಲು. ಸೆಳೆತವು ಕುಂದುತ್ತ ಹೋಗುವದೇ ಹೊರತು ಇಲ್ಲಿಗೆ ಮುಗಿಯಿತೆಂದು ಗೆರೆ ಕೊರೆದು ತೋರಿಸಬಹುದಾದ ಸ್ಥಳವೊಂದಿಲ್ಲ. ಭೂಮಿಯ ತ್ರಿಜ್ಯದ ಅರವತ್ತರಷ್ಟು ದೂರದಲ್ಲಿರುವ ಚಂದ್ರನನ್ನೂ ಇದೇ ಸೆಳೆತವು ಹಿಡಿದಿರುವದು. ಅಲ್ಲಿ ಅದರ ಬಲವು ಇಲ್ಲಿಯದರ 3600ರಲ್ಲೊಂದು ಪಾಲು ಮಾತ್ರ.

ಹಾಗಾದರೆ ಉಪಗ್ರಹವು ಬೀಳದಿರುವದು ಹೇಗೆ? ಇದಕ್ಕೆ ನ್ಯೂಟನ್ನರು ಗುಡ್ಡದ ಮೇಲಿನ ತೋಪಿನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅದನ್ನು ನಮ್ಮ ಗಜೇಂದ್ರಗಡದ ಗುಡ್ಡಕ್ಕೆ ಹೊಂದಿಸಿ ನೋಡೋಣ. ಆ ಗುಡ್ಡವು ಗಾಳಿಯ ಪದರವನ್ನೆಲ್ಲ ದಾಟಿ ಮೇಲಕ್ಕೆದ್ದಿದೆಯೆಂತಲೂ, ಅದರ ನೆತ್ತಿಯ ಮೇಲೆ ತೋಪೊಂದು ಇದೆಯೆಂತಲೂ ಭಾವಿಸಿರಿ. ಗುಂಡನ್ನು ಅಡ್ಡಲಾಗಿ ಹಾರಿಸಿದರೆ ಅದು ಕೆಲವು ದೂರ ಹೋಗಿ ಬೀಳುವದು. ಇನ್ನಷ್ಟು ವೇಗದಿಂದ ಹಾರಿಸಿದರೆ ಇನ್ನಷ್ಟು ದೂರ ಹೋಗಿ ಬೀಳುವದು. ಯಾವ ವಸ್ತುವಾದರೂ ಬೀಳಲಾರಂಭಿಸಿದ ಮೊದಲನೆಯ ಸೆಕೆಂಡಿನಲ್ಲಿ ಸುಮಾರು 5 ಮೀಟರು ಕೆಳಗಿಳಿಯುವದು. ಭೂಮಿಯಾದರೋ ಚಪ್ಪಟೆಯಾಗಿಲ್ಲ, ಚೆಂಡಿನಂತೆ ಬಾಗಿದೆ. 8 ಕಿಲೋಮೀಟರು ನೆಟ್ಟಗೆ ಹೋದರೆ ಭೂಮಿಯ ಮೈಯೂ ಸುಮಾರು 5 ಮೀಟರು ಕೆಳಗೆ ಬಾಗಿರುವದು. ಆದಕಾರಣ ಗುಂಡಿನ ವೇಗವು ಸೆಕೆಂಡಿಗೆ ಸುಮಾರು 8 ಕಿಲೋಮೀಟರು ಆಯಿತೆಂದರೆ, ಅದು ಎಷ್ಟು ಬೀಳುವದೋ ಅಷ್ಟೇ ಭೂಮಿಯೂ ಬಾಗಿಕೊಂಡು ಹೋಗುವದು. ಗುಂಡು ಬೀಳುತ್ತಲೇ ಇರುವದು. ನೆಲವು ಮಾತ್ರ ಅದಕ್ಕೆ ಸಿಕ್ಕುವದಿಲ್ಲ. ಉಪಗ್ರಹವೆಂದರೆ ಹೀಗೆ ಬೀಳುತ್ತಲೇ ಇರುವ ಕಾಯವು. ಅದನ್ನು ಯಾರೂ ಮೇಲೆ ಎತ್ತಿ ಹಿಡಿದಿಲ್ಲ.

ಹೊಲಗಾವಲಿನಲ್ಲಿ ಹಕ್ಕಿಗಳನ್ನು ಹಾರಿಸುವ ಕವಣೆಯನ್ನು ತಾವೆಲ್ಲರೂ ಬಲ್ಲಿರಿ. ಹಗ್ಗವು ಕಲ್ಲನ್ನು ಒಳಕ್ಕೆ ಎಳೆಯುತ್ತಿರುವವರೆಗೆ ಕಲ್ಲು ಸುತ್ತುವದು. ಒಂದೆಳೆಯನ್ನು ಬಿಟ್ಟೊಡನೆ ಅದು ಆ ಕ್ಷಣದಲ್ಲಿ ಎತ್ತ ಹೊರಟಿತ್ತೋ ಅತ್ತ ನೆಟ್ಟಗೆ ಹಾರಿಹೋಗುವದು. ಉಪಗ್ರಹಕ್ಕೆ ಭೂಮಿಯ ಸೆಳೆತವೇ ಕವಣೆಯ ಹಗ್ಗ. ಆಕಾಶದಲ್ಲಿ ಗುರುತ್ವಾಕರ್ಷಣವೇ ಇಲ್ಲವೆಂದು ಹಲವರು ನಂಬಿದ್ದಾರೆ. ಅದು ನಿಜವಾಗಿದ್ದರೆ ಉಪಗ್ರಹವು ಒಂದು ಸುತ್ತನ್ನೂ ಮುಗಿಸದೆ, ಹಗ್ಗ ಬಿಟ್ಟ ಕವಣೆಯ ಕಲ್ಲಿನಂತೆ, ನಮ್ಮನ್ನಗಲಿ ಹೋಗುತ್ತಿತ್ತು.

ಇಲ್ಲಿ ಒಂದು ಸಂದೇಹವು ಹುಟ್ಟುವದು ಸಹಜ. ಸೆಳೆತವು ಇರುವದಾದರೆ ಅಂತರಿಕ್ಷಕ್ಕೆ ಹೋದವರು ತೇಲಾಡುವದೇಕೆ? ಇದಕ್ಕೆ ಉತ್ತರವು ನಮ್ಮ ಬಾವಿಯಲ್ಲಿಯೇ ಇದೆ. ನೀರು ತುಂಬಿದ ಕೊಡವನ್ನು ಸೇದುವಾಗ ಹಗ್ಗವು ಹರಿಯಿತೆನ್ನಿರಿ. ಕೊಡವೂ ಬೀಳುವದು, ಒಳಗಿನ ನೀರೂ ಅದೇ ವೇಗದಿಂದ ಬೀಳುವದು. ಬೀಳುತ್ತಿರುವಷ್ಟು ಹೊತ್ತು ನೀರು ಕೊಡದ ತಳವನ್ನು ಒತ್ತುವದಿಲ್ಲ. ಅಂದರೆ ಕೊಡದೊಳಗೆ ನೀರಿಗೆ ತೂಕವಿಲ್ಲದಂತಾಗುವದು. ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಖಾಲಿ ಡಬ್ಬಿಯೊಂದರ ಬುಡದ ಹತ್ತಿರ ರಂಧ್ರ ಮಾಡಿ ನೀರು ತುಂಬಿರಿ. ಧಾರೆಯು ಚಿಮ್ಮುತ್ತಿರುವಾಗಲೇ ಡಬ್ಬಿಯನ್ನು ಎತ್ತರದಿಂದ ಕೈಬಿಡಿರಿ. ಬೀಳುತ್ತಿರುವ ಡಬ್ಬಿಯಿಂದ ಧಾರೆಯು ಹೊರಡುವದು ನಿಂತುಹೋಗುವದು. ಅಂತರಿಕ್ಷನೌಕೆಯೂ ಅದರೊಳಗಿನ ಮನುಷ್ಯನೂ ಇದೇ ಪ್ರಕಾರ ಕೂಡಿ ಬೀಳುತ್ತಿರುವರು.

2025ರ ಜೂನ್ ಜುಲೈ ತಿಂಗಳುಗಳಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿದ್ದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐ.ಐ.ಟಿ.ಯೂ ಕೂಡಿ ಯೋಜಿಸಿದ ಪ್ರಯೋಗದಲ್ಲಿ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆಯೊಡೆಯಿಸಿದರು. ಸುಮಾರು 400 ಕಿಲೋಮೀಟರು ಎತ್ತರದ ಆ ನಿಲ್ದಾಣದಲ್ಲಿ ಭೂಮಿಯ ಸೆಳೆತವು ನೂರಕ್ಕೆ 88ರಷ್ಟು ಇದ್ದೇ ಇರುವದು. ಆದರೂ ಆ ಕಾಳುಗಳು ತೂಕವಿಲ್ಲದಂತಿದ್ದವು. ಯಾಕಂದರೆ ಕಾಳೂ, ಕಾಳಿನ ಪಾತ್ರೆಯೂ, ಅದನ್ನು ಹಿಡಿದ ಕೈಯೂ ಒಂದೇ ಸವನೆ ಬೀಳುತ್ತಿದ್ದವು. ನಮ್ಮ ಎರೆಹೊಲದಲ್ಲಿ ಬೆಳೆಯುವ ಹೆಸರಿನ ಕಾಳು ಇಷ್ಟು ದೊಡ್ಡ ಪಾಠವನ್ನು ಹೇಳುವದಾಗಿದೆ.

ಇನ್ನು ದೂರದ ಉಪಗ್ರಹಗಳ ಸಂಗತಿ. ಎತ್ತರವು ಹೆಚ್ಚಿದಂತೆ ಸೆಳೆತವು ಕಡಿಮೆಯಾಗುವದು. ಆದಕಾರಣ ಉಪಗ್ರಹವು ಮೆಲ್ಲನೆ ನಡೆದರೂ ಸಾಕಾಗುವದು, ಅದರ ಸುತ್ತೂ ದೊಡ್ಡದಾಗುವದು. 600 ಕಿಲೋಮೀಟರು ಎತ್ತರದಲ್ಲಿ ಒಂದು ಸುತ್ತಿಗೆ 96 ಅಥವಾ 97 ಮಿನಿಟುಗಳು ಹಿಡಿದರೆ, 35,786 ಕಿಲೋಮೀಟರು ಎತ್ತರದಲ್ಲಿ ಸರಿಯಾಗಿ ಭೂಮಿಯು ಒಮ್ಮೆ ತಿರುಗುವಷ್ಟು ಕಾಲವು, ಅಂದರೆ 23 ತಾಸು 56 ಮಿನಿಟುಗಳು ಬೇಕಾಗುವವು. ಭೂಮಧ್ಯರೇಖೆಯ ನೇರಕ್ಕೆ ಆ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹವು, ಸೆಕೆಂಡಿಗೆ 3 ಕಿಲೋಮೀಟರಿಗಿಂತ ಮಿಕ್ಕಿ ಓಡುತ್ತಿದ್ದರೂ, ನಮ್ಮ ಕಣ್ಣಿಗೆ ಒಂದೇ ಸ್ಥಳದಲ್ಲಿ ನಿಂತಂತೆ ತೋರುವದು. ಊರಿನ ಮಾಳಿಗೆಗಳ ಮೇಲಿರುವ ಡಿಶ್ಶುಗಳನ್ನು ನೋಡಿರಿ. ಭೂಮಧ್ಯರೇಖೆಯು ನಮಗೆ ದಕ್ಷಿಣಕ್ಕಿರುವದರಿಂದ ಅವೆಲ್ಲವೂ ದಕ್ಷಿಣದ ಭಾಗಕ್ಕೇ ಮುಖಮಾಡಿವೆ. ಒಮ್ಮೆ ತಿರುಗಿಸಿ ನಿಲ್ಲಿಸಿದ ಮೇಲೆ ಪುನಃ ತಿರುಗಿಸುವ ಕಾರಣವಿಲ್ಲ.

ಈ ವಿದ್ಯೆಯು ನಮ್ಮ ನೆರೆಗೆ ಬಂದು ಬಹಳ ಕಾಲವಾಯಿತು. 1975ರ ಅಗಸ್ಟ್ ಒಂದರಿಂದ ಒಂದು ವರ್ಷದವರೆಗೆ ಅಮೇರಿಕೆಯ ಉಪಗ್ರಹವೊಂದರ ಸಹಾಯದಿಂದ ನಮ್ಮ ದೇಶದ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಬೇಸಾಯ, ಆರೋಗ್ಯ, ಶಿಕ್ಷಣಗಳ ಪಾಠಗಳನ್ನು ಕಳುಹಿಸುವ ‘ಸೈಟ್’ ಎಂಬ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಆಗಿನ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ನಮಗೆ ಹತ್ತಿರದ ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲಿಯೂ ಬಾದಾಮಿಯು ವಿಜಾಪುರ ಜಿಲ್ಲೆಯಲ್ಲಿಯೂ ಇದ್ದವೆಂಬುದನ್ನು ಹಿರಿಯರು ಬಲ್ಲರು. ಮುಂದೆ 1982ರಲ್ಲಿ ಇನ್ಸಾಟ್ ಉಪಗ್ರಹಗಳ ಸಲುವಾಗಿ ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರವು ಸ್ಥಾಪಿತವಾಯಿತು. ಸೂರ್ಯಚಂದ್ರರ ಸೆಳೆತದಿಂದ ಉಪಗ್ರಹವು ತನ್ನ ಸ್ಥಳದಿಂದ ಸ್ವಲ್ಪ ಸ್ವಲ್ಪ ಸರಿಯುವದನ್ನು ಅಲ್ಲಿಂದ ಆಜ್ಞೆಗಳನ್ನು ಕಳುಹಿಸಿ ತಿದ್ದುವರು. ಇಂಧನವು ಬೇಕಾಗುವದು ಈ ತಿದ್ದುವಿಕೆಗೆ, ಸುತ್ತುವದಕ್ಕಲ್ಲ.

ಇಲ್ಲಿಯವರೆಗೆ ಹೇಳಿದ್ದರಿಂದ ಉಪಗ್ರಹವು ಮೇಲಿರುವದು ಹೇಗೆಂಬುದು ತಿಳಿಯಿತು. ಆದರೆ ಮೇಲಿದ್ದರೆ ಸಾಲದು. ಅದು ನೋಡಬೇಕು, ಮಾತಾಡಬೇಕು. ಅದಕ್ಕೆ ವಿದ್ಯುತ್ತು ಬೇಕು. ಈ ಎರಡಕ್ಕೂ ಇರುವ ಅಂತರವನ್ನು ನಮ್ಮ ದೇಶದ ಮೊದಲನೆಯ ಉಪಗ್ರಹವೇ ತೋರಿಸಿಕೊಟ್ಟಿತು. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕಾರ್ಖಾನೆಯ ಷೆಡ್ಡುಗಳಲ್ಲಿ, ತರುಣ ವಿಜ್ಞಾನಿಗಳು ನಿರ್ಮಿಸಿದ ಆರ್ಯಭಟವು 1975ನೆಯ ಇಸವಿ ಎಪ್ರಿಲ್ 19ರಂದು ಸೋವಿಯತ್ ದೇಶದ ರಾಕೆಟ್ಟಿನಿಂದ ಮೇಲೇರಿತು. ಅದರ ತೂಕವು 360 ಕಿಲೋಗ್ರಾಮು. ಮೈಮೇಲೆ ಹೊದಿಸಿದ ಸೂರ್ಯಕೋಶಗಳಿಂದ ಸುಮಾರು 46 ವ್ಯಾಟು ವಿದ್ಯುತ್ತು ದೊರೆಯುತ್ತಿತ್ತು. ಐದನೆಯ ದಿನದ ಸುಮಾರಿಗೆ ವಿದ್ಯುತ್ಪೂರೈಕೆಯ ಒಂದು ಮಾರ್ಗವು ಕೆಟ್ಟು, ವೈಜ್ಞಾನಿಕ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಆದರೆ ಅದರಿಂದ ಆರ್ಯಭಟವು ಬೀಳಲಿಲ್ಲ. ಗುರುತ್ವಾಕರ್ಷಣಕ್ಕೆ ತಂತಿಯ ಹಂಗಿಲ್ಲ. ಮೇಲಿನ ಅತ್ಯಂತ ವಿರಳವಾದ ಗಾಳಿಯ ಉಜ್ಜುವಿಕೆಯಿಂದ ಮೆಲ್ಲಮೆಲ್ಲನೆ ಇಳಿಯುತ್ತ ಬಂದು, 1992ರ ಫೆಬ್ರುವರಿಯಲ್ಲಿ, ಅಂದರೆ ಸುಮಾರು 17 ವರ್ಷಗಳ ಮೇಲೆ, ಅದು ವಾಯುಮಂಡಲವನ್ನು ಹೊಕ್ಕು ಕೊನೆಗಂಡಿತು. ಮಂಡಲವು ಮುರಿದರೆ ಕೆಲಸವು ನಿಲ್ಲುವದು, ಗತಿಯು ನಿಲ್ಲುವದಿಲ್ಲ.

ಹಾಗಾದರೆ ವಿದ್ಯುತ್ತಿನ ಮಂಡಲವೆಂದರೇನು? ಬ್ಯಾಟರಿಯ ಒಂದು ತುದಿಯಿಂದ ಹೊರಟು, ತಂತಿಯ ಮೂಲಕ ದೀಪವನ್ನು ಹೊಕ್ಕು, ಇನ್ನೊಂದು ತಂತಿಯಿಂದ ಬ್ಯಾಟರಿಯ ಮತ್ತೊಂದು ತುದಿಗೆ ಮರಳುವ ಅಖಂಡವಾದ ದಾರಿಯೇ ಮಂಡಲವು. ಹೋಗುವ ದಾರಿಯಿದ್ದು ಬರುವ ದಾರಿಯಿಲ್ಲದಿದ್ದರೆ ವಿದ್ಯುತ್ತು ಹೊರಡುವದೇ ಇಲ್ಲ. ಗೋಡೆಯ ಗುಂಡಿಯು ಮಾಡುವ ಕೆಲಸವು ಇಷ್ಟೇ: ಈ ದಾರಿಯನ್ನು ಒಂದು ಕಡೆಯಲ್ಲಿ ಕಡಿಯುವದು ಅಥವಾ ಕೂಡಿಸುವದು.

ಇದಕ್ಕೆ ನೀರಿನ ಉಪಮಾನವನ್ನು ತೆಗೆದುಕೊಳ್ಳೋಣ. ಮೇಲಿನ ತೊಟ್ಟಿಯ ನೀರು ಕೊಳವೆಯಿಂದ ಕೆಳಗಿನ ಹೊಂಡಕ್ಕೆ ಇಳಿಯುವದು. ಅದು ಎಡೆಬಿಡದೆ ಹರಿಯಬೇಕಾದರೆ ಕೆಳಗಿನ ನೀರನ್ನು ಪುನಃ ಮೇಲಕ್ಕೆತ್ತುವ ಪಂಪು ಬೇಕು. ವಿದ್ಯುತ್ತಿಗೆ ಬ್ಯಾಟರಿಯೇ ಪಂಪು. ಎತ್ತರದ ಅಂತರಕ್ಕೆ ಸಮಾನವಾದದ್ದನ್ನು ವೋಲ್ಟುಗಳಿಂದಲೂ, ಹರಿಯುವ ಪ್ರಮಾಣವನ್ನು ಆಂಪಿಯರುಗಳಿಂದಲೂ, ದಾರಿಯು ಒಡ್ಡುವ ತಡೆಯನ್ನು ಓಮುಗಳಿಂದಲೂ ಅಳೆಯುವರು. ಜರ್ಮನಿಯ ಓಮ್ ಎಂಬ ಪಂಡಿತರು 1827ರಲ್ಲಿ ಪ್ರಕಟಿಸಿದ ನಿಯಮವು ಇದು: ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು ದೊರೆಯುವದು. ಎರಡು ಸೆಲ್ಲುಗಳ ಕೈದೀಪದಲ್ಲಿ 3 ವೋಲ್ಟು ಇದ್ದು, ಉರಿಯುವ ಬಲ್ಬಿನ ತಡೆಯು 10 ಓಮು ಇದ್ದರೆ, ಹರಿಯುವದು 0.3 ಆಂಪಿಯರು.

ಈಗ ಮೊದಲು ಹೇಳಿದ ಭೇದಕ್ಕೆ ಕಾರಣವು ತಿಳಿಯುವದು. ಉಪಗ್ರಹದ ದಾರಿಯಲ್ಲಿ ಅದನ್ನು ತಡೆಯುವ ವಸ್ತುವು ಬಹುಮಟ್ಟಿಗೆ ಇಲ್ಲ. ಆದಕಾರಣ ಒಮ್ಮೆ ಕೊಟ್ಟ ವೇಗವೇ ವರ್ಷಗಟ್ಟಲೆ ಸಾಕಾಗುವದು. ತಂತಿಯಲ್ಲಿಯೂ ದೀಪದಲ್ಲಿಯೂ ವಿದ್ಯುತ್ತಿಗೆ ತಡೆಯುಂಟು. ಆ ತಡೆಯನ್ನು ದಾಟುವಾಗ ಶಕ್ತಿಯು ಬೆಳಕೂ ಕಾವೂ ಆಗಿ ಹೊರಬೀಳುವದು. ಅಷ್ಟನ್ನು ಬ್ಯಾಟರಿಯು ಒಂದೇ ಸಮನೆ ತುಂಬಿಕೊಡಬೇಕು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವದೂ, ಉಪಗ್ರಹವು ತನ್ನ ಸೂರ್ಯಕೋಶಗಳನ್ನು ಬಿಸಿಲಿಗೆ ಒಡ್ಡುವದೂ ಈ ವೆಚ್ಚವನ್ನು ತುಂಬುವ ಸಲುವಾಗಿಯೇ.

ತಂತಿಯ ಮೇಲೆ ಕುಳಿತ ಹಕ್ಕಿಯು ಸಾಯುವದಿಲ್ಲವೇಕೆಂದು ಮಕ್ಕಳು ಕೇಳುವರು. ಹಕ್ಕಿಯ ಎರಡೂ ಕಾಲುಗಳು ಒಂದೇ ತಂತಿಯ ಮೇಲಿರುವವು. ಅವುಗಳ ನಡುವೆ ವೋಲ್ಟಿನ ಅಂತರವು ಇಲ್ಲವೆಂಬಷ್ಟು ಅಲ್ಪ. ಅದರ ಮೈಯ ಮೂಲಕ ಮರಳುವ ದಾರಿಯಿಲ್ಲ. ಉಪಗ್ರಹವೂ ಹೀಗೆಯೇ ಭೂಮಿಯ ಸಂಪರ್ಕವಿಲ್ಲದೆ ತನ್ನ ಮಂಡಲವನ್ನು ತನ್ನ ಮೈಯೊಳಗೇ ಪೂರ್ಣಮಾಡಿಕೊಳ್ಳುವದು. ಆದರೆ ಮನುಷ್ಯನ ಸ್ಥಿತಿಯು ಬೇರೆ. ಊರಿನ ಟಿ.ಸಿ.ಯ ಹತ್ತಿರ ಮಂಡಲದ ಒಂದು ತಂತಿಯನ್ನು ನೆಲದಲ್ಲಿ ಹೂಳಿರುವರು. ಆದಕಾರಣ ಮಣ್ಣೇ ಮರಳುವ ದಾರಿಯಾಗಿ ನಮ್ಮ ಕಾಲಕೆಳಗೆ ಹಾಸಿಕೊಂಡಿರುವದು. ನೆಲದ ಮೇಲೆ ನಿಂತು ಜೀವವಿರುವ ತಂತಿಯನ್ನು ಮುಟ್ಟಿದವನು ತಾನೇ ಮಂಡಲದ ಒಂದು ತುಂಡಾಗುವನು.

ಲೆಕ್ಕವನ್ನು ಮಾಡಿ ನೋಡಿರಿ. ಬೆಳೆಗೆ ನೀರು ಬಿಟ್ಟ ಹೊಲದಲ್ಲಿ ಬರಿಗಾಲಿನಿಂದ, ಒದ್ದೆಗೈಯಿಂದ ನಿಂತ ಮನುಷ್ಯನ ಮೈಯ ತಡೆಯು ಸುಮಾರು 1000 ಓಮಿಗೆ ಇಳಿಯಬಹುದು. ತಂತಿಗೂ ನೆಲಕ್ಕೂ ನಡುವೆ 230 ವೋಲ್ಟು. ಭಾಗಿಸಿದರೆ 0.23 ಆಂಪಿಯರು. ಇದು ಈಗ ಹೇಳಿದ ಕೈದೀಪದಲ್ಲಿ ಹರಿಯುವದಕ್ಕಿಂತಲೂ ಕಡಿಮೆ. ಆದರೆ ಮೈಯಲ್ಲಿ 0.03 ಆಂಪಿಯರು ಹರಿದರೇ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದೆ, ಪ್ರಾಣಕ್ಕೆ ಅಪಾಯವಾಗುವದು, 0.23 ಆಂಪಿಯರು ಹೃದಯವನ್ನು ನಿಲ್ಲಿಸಬಲ್ಲದು. ಕೈದೀಪವು ಕೊಲ್ಲದಿರುವದು ಅದರ 3 ವೋಲ್ಟು ನಮ್ಮ ಮೈಯಲ್ಲಿ 0.003 ಆಂಪಿಯರಿಗಿಂತ ಹೆಚ್ಚನ್ನು ನೂಕಲಾರದೆಂಬ ಕಾರಣದಿಂದ. ಗುಣಾಕಾರ ಭಾಗಾಕಾರಗಳನ್ನು ಬಲ್ಲ ಹುಡುಗನು ಮಾಡಬಹುದಾದ ಈ ಲೆಕ್ಕವು ಎಷ್ಟೋ ಮನೆಗಳ ದೀಪವನ್ನು ಉಳಿಸಬಲ್ಲದು.

ಆದಕಾರಣ ರೈತಬಂಧುಗಳಲ್ಲಿ ನನ್ನ ವಿನಂತಿಯು: ಮೋಟಾರಿನ ಲೋಹದ ಮೈಗೂ ಸ್ಟಾರ್ಟರಿನ ಪೆಟ್ಟಿಗೆಗೂ ಅರ್ಥಿಂಗ್ ತಂತಿಯನ್ನು ತಪ್ಪದೆ ಕೂಡಿಸಿರಿ. ಒಳಗೆ ತಂತಿಯ ಹೊದಿಕೆಯು ಹರಿದು ಪೆಟ್ಟಿಗೆಗೆ ತಾಗಿದರೆ, ತಡೆಯು ಅತ್ಯಲ್ಪವಾದ ಆ ದಾರಿಯಿಂದ ವಿದ್ಯುತ್ತು ಬಹಳವಾಗಿ ಹರಿದು ಫ್ಯೂಜನ್ನು ಸುಡುವದು. ನಿಮ್ಮ ಮೈಯನ್ನು ಹುಡುಕುವದಿಲ್ಲ. ಫ್ಯೂಜು ಸುಟ್ಟಾಗ ದಪ್ಪ ತಾಮ್ರದ ತಂತಿಯನ್ನು ಸುತ್ತಬೇಡಿರಿ. ಫ್ಯೂಜು ತಾನು ಸುಟ್ಟು ನಿಮ್ಮನ್ನು ಉಳಿಸುವ ಕಾವಲುಗಾರನು, ಅವನ ಕೈಯನ್ನು ಕಟ್ಟಬೇಡಿರಿ. ಹೋದ ವಿದ್ಯುತ್ತು ಅಷ್ಟೇ ಮರಳದೆ ಎಲ್ಲಿಯೋ ಸೋರುತ್ತಿರುವದನ್ನು ಕಂಡು, 0.03 ಆಂಪಿಯರಿನ ವ್ಯತ್ಯಾಸಕ್ಕೇ ಮಂಡಲವನ್ನು ಕಡಿಯುವ ಸಾಧನಗಳು ಅಂಗಡಿಗಳಲ್ಲಿ ದೊರೆಯುವವು, ಮನೆಗೊಂದನ್ನು ಹಾಕಿಸಿರಿ. ಹರಿದು ನೆಲಕ್ಕೆ ಬಿದ್ದ ತಂತಿಯ ಸಮೀಪಕ್ಕೆ ಹೋಗಬೇಡಿರಿ. ಮನೆಯಲ್ಲಾಗಲಿ ಹೊಲದಲ್ಲಾಗಲಿ ಯಾರಾದರೂ ಸಿಕ್ಕಿಕೊಂಡರೆ ಅವರನ್ನು ಕೈಯಿಂದ ಎಳೆಯದೆ, ಮೊದಲು ಗುಂಡಿಯನ್ನು ಆರಿಸಿರಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ಬಿಡಿಸಿರಿ.

ಇನ್ನೊಂದು ಮಾತು. ದೀಪಗಳನ್ನು ಎರಡು ಬಗೆಯಾಗಿ ಜೋಡಿಸಬಹುದು. ಒಂದರ ಬೆನ್ನಿಗೊಂದರಂತೆ ಸರಣಿಯಾಗಿ ಜೋಡಿಸಿದರೆ ಒಂದು ಕೆಟ್ಟೊಡನೆ ಎಲ್ಲವೂ ಆರುವವು. ಜಾತ್ರೆಯ ದೀಪಮಾಲೆಯಲ್ಲಿ ಇದನ್ನು ಕಂಡಿದ್ದೀರಿ. ಪ್ರತಿಯೊಂದಕ್ಕೂ ಪ್ರತ್ಯೇಕ ದಾರಿಯಿಟ್ಟು ಸಮಾಂತರವಾಗಿ ಜೋಡಿಸಿದರೆ ಒಂದು ಕೆಟ್ಟರೂ ಉಳಿದವು ಉರಿಯುವವು. ನಮ್ಮ ಮನೆಗಳಲ್ಲಿರುವದು ಈ ಕ್ರಮವೇ. ಒಂದು ದಾರಿ ಕೆಟ್ಟರೆ ಇನ್ನೊಂದು ಇರಬೇಕೆಂಬ ಈ ವಿವೇಕವು ಉಪಗ್ರಹದಲ್ಲಿ ಬಹಳ ಬೇಕಾಗುವದು. ಅಲ್ಲಿಗೆ ಹೋಗಿ ತಂತಿ ಕಟ್ಟುವವರು ಯಾರು? 1981ರ ಜೂನ್ 19ರಂದು ಮೇಲೇರಿದ ನಮ್ಮ ‘ಆ್ಯಪಲ್’ ಉಪಗ್ರಹವನ್ನು, ಸುತ್ತಲಿನ ಲೋಹದ ಬಾಧೆಯಿಲ್ಲದೆ ಪರೀಕ್ಷಿಸಬೇಕೆಂದು, ಬೆಂಗಳೂರಿನಲ್ಲಿ ಎತ್ತಿನ ಬಂಡಿಯ ಮೇಲೆ ಇರಿಸಿದ್ದರು. ಆ ಚಿತ್ರವನ್ನು ತಾವು ನೋಡಿರಬಹುದು. ಮೇಲೆ ಹೋದ ಮೇಲೆ ಅದರ ಎರಡು ಸೂರ್ಯಫಲಕಗಳಲ್ಲಿ ಒಂದು ತೆರೆಯಲೇ ಇಲ್ಲ. ಆದರೂ ನಮ್ಮ ಯಂತ್ರಶಾಸ್ತ್ರಜ್ಞರು ಉಳಿದೊಂದು ಫಲಕದ ವಿದ್ಯುತ್ತನ್ನು ಅಳೆದು ಸುರಿದು ಬಳಸಿ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಅದರಿಂದ ಸೇವೆಯನ್ನು ಪಡೆದರು. ಎತ್ತಿನ ಬಂಡಿಯನ್ನು ಕಂಡು ನಗುವ ಕಾರಣವಿಲ್ಲ. ಕಟ್ಟಿಗೆಯ ಗುಣವನ್ನು ಬಲ್ಲವರು ಅದನ್ನು ತಕ್ಕ ಸ್ಥಳದಲ್ಲಿ ಉಪಯೋಗಿಸಿಕೊಂಡರು.

ಮಹನೀಯರೇ, ಕಾಲವು ಮೀರುತ್ತಿರುವದರಿಂದ ಮುಗಿಸುವೆನು. ಬಾವಿಯ ಕೊಡವನ್ನೂ ಆಕಾಶದ ಉಪಗ್ರಹವನ್ನೂ ಒಂದೇ ನಿಯಮವು ಆಳುವದು. ಮನೆಯ ದೀಪವನ್ನೂ ಆರ್ಯಭಟದ ಯಂತ್ರಗಳನ್ನೂ ಇನ್ನೊಂದು ನಿಯಮವು ಆಳುವದು. ಆ ನಿಯಮಗಳು ಬಡವ ಬಲ್ಲಿದರನ್ನು, ಹಳ್ಳಿ ಪಟ್ಟಣಗಳನ್ನು ಬೇರೆಯಾಗಿ ಕಾಣುವದಿಲ್ಲ. ತಿಳಿದವನಿಗೆ ಅವು ದುಡಿಯುವವು, ತಿಳಿಯದವನನ್ನು ಕ್ಷಮಿಸುವದಿಲ್ಲ. ಇಲ್ಲಿ ಕುಳಿತ ಬಾಲಕ ಬಾಲಿಕೆಯರು ಇಂದು ರಾತ್ರಿ ಮನೆಗೆ ಹೋಗಿ ಫ್ಯೂಜು ಎಲ್ಲಿದೆ, ಅರ್ಥಿಂಗ್ ತಂತಿಯು ನೆಲದವರೆಗೆ ತುಂಡಾಗದೆ ಹೋಗಿದೆಯೇ ಎಂಬುದನ್ನು ಮುಟ್ಟದೆ ಕಣ್ಣಿನಿಂದ ನೋಡಿ ತಂದೆತಾಯಿಗಳಿಗೆ ತಿಳಿಸಿದರೆ, ಈ ಉಪನ್ಯಾಸವು ಸಾರ್ಥಕವಾಯಿತೆಂದು ಭಾವಿಸುವೆನು.